ಮಡಚಿಟ್ಟ ಎರಡನೇ ಹಾಳೆ

ರಿಜ್ವಾನಾಳ ವಸತಿ ಶಾಲೆಯ ಸೀಟು ತಪ್ಪಿಸಿದವಳು ನಾನು. ಬಡತನವಲ್ಲ, ಅವಳಪ್ಪನ ಹಟವಲ್ಲ, ಊರವರ ಬಾಯಿಯೂ ಅಲ್ಲ – ಕಾರಣ ಹುಡುಕುವುದರಲ್ಲಿ ಪಳಗಿದವಳು, ಎಲ್ಲವನ್ನೂ ತೂಗಿ ನೋಡಿಯೇ ಹೇಳುತ್ತಿದ್ದೇನೆ – ನಾನೇ.

ಆರು ವರ್ಷದ ಹಿಂದೆ, ನಾನು ಪಿಯುಸಿಯಲ್ಲಿದ್ದಾಗ, ಕುಂದಗೋಳದಲ್ಲಿ ಚರ್ಚಾ ಸ್ಪರ್ಧೆ. ವಿಷಯ: ಪ್ರತಿಭಾವಂತ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕೇ? ಪರವೋ ವಿರೋಧವೋ ಎಂಬುದು ಅಲ್ಲೇ ಚೀಟಿ ಎತ್ತಿದಾಗ ತಿಳಿಯುತ್ತಿತ್ತು. ಹಾಗಾಗಿ ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. 'ವಿರೋಧ' ಬಂತು. ಇನ್ನೊಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಫಿನ್‌ಲ್ಯಾಂಡಿನಲ್ಲಿ ಜಾಣರನ್ನು ಬೇರೆ ಕೂರಿಸುವುದಿಲ್ಲ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುತ್ತಾರೆ ಎಂದು ಗುಡುಗಿದೆ. ಚಪ್ಪಾಳೆ. ಮೊದಲ ಬಹುಮಾನ.

ಕುಬಿಹಾಳಕ್ಕೆ ಮರಳಿದ್ದು ನಮ್ಮೂರ ಮೆಹಬೂಬ ಕಾಕಾ ಅವರ ಟಂಟಂ ಆಟೋದಲ್ಲಿ. ಕರೆದೊಯ್ದವರೂ ಅವರೇ, ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಮಾತು ಕೇಳಿದ್ದರು.

"ಅಲ್ಲ ತಂಗಿ, ಆ ಫಿನ್‌ಲ್ಯಾಂಡಿಗೆ ನನ್ನ ಟಂಟಂ ಹೊಕ್ಕೈತೇನು?" ಎಂದು ನಗಿಸಿದರು. ಆಮೇಲೆ ಅಂಗಿಯ ಕಿಸೆಯಿಂದ ಒಂದು ಪತ್ರ ತೆಗೆದರು. ಐದನೆಯ ತರಗತಿಯಲ್ಲಿದ್ದ ಮಗಳು ರಿಜ್ವಾನಾ ವಸತಿ ಶಾಲೆಗೆ ಆಯ್ಕೆಯಾಗಿದ್ದಳು.

"ನೀ ಓದಿದಾಕಿ. ಖರೇನ ಹೇಳು – ಊರ ಸಾಲ್ಯಾಗ ಇಟ್ರೂ ನಡೀತೈತೇನು?"

ಸ್ಪರ್ಧೆ ಮುಗಿದಿತ್ತು. ನಾನು ಮುಗಿಸಿರಲಿಲ್ಲ.

"ಹೌದ್ರಿ ಕಾಕಾ. ನಡೀತೈತ್ರಿ."

ಪತ್ರ ಕಿಸೆಗೆ ಮರಳಿತು. ವೇದಿಕೆಯಲ್ಲಿ ನಾನು ಹೇಳಿದ್ದು ಸುಳ್ಳಲ್ಲ – ಅರ್ಧ. ಉಳಿದರ್ಧ ಚೀಲದಲ್ಲಿತ್ತು: ಸಿಂಗಪುರದವರು ಮೂರನೆಯ ತರಗತಿಯಲ್ಲೇ ಪರೀಕ್ಷೆ ಇಟ್ಟು ಚುರುಕು ಮಕ್ಕಳಿಗೆ ಬೇರೆಯೇ ಪಾಠ ಕೊಟ್ಟದ್ದು, ಎಲ್ಲರಿಗೂ ಒಂದೇ ಎಂಬ ಫಿನ್‌ಲ್ಯಾಂಡಿನ ಶಾಲೆಯೂ ಬೇಗ ಮುಗಿಸಿದ ಮಗುವಿಗೆ ಇನ್ನೂ ಕಠಿಣವಾದದ್ದನ್ನು ಕೊಡಬಲ್ಲ ಶಿಕ್ಷಕರಿದ್ದರೆ ಮಾತ್ರ ನಡೆಯುತ್ತದೆ ಎಂಬುದು. ನಮ್ಮೂರಲ್ಲಿ ಎರಡು ತರಗತಿಗೆ ಒಬ್ಬರೇ ಶಿಕ್ಷಕರು. ಗೊತ್ತಿತ್ತು. ಬರೆದವಳು ನಾನೇ –

ಲೆಕ್ಕ ಬೇಗ ಬಿಡಿಸಿದ್ದಕ್ಕೆ ರಿಜ್ವಾನಾಳಿಗೆ ಸಿಕ್ಕದ್ದು ಒಂದನೆಯ ತರಗತಿಯ ಮಕ್ಕಳನ್ನು ಕಾಯುವ ಕೆಲಸ. ಏಳನೆಯ ಹೊತ್ತಿಗೆ ಬೇಗ ಬಿಡಿಸುವುದನ್ನೇ ಬಿಟ್ಟಳು. ಹತ್ತರ ನಂತರ ಓದನ್ನೂ.

ಕಳೆದ ವಾರ ಆ ಹಾಳೆ ಹಿಡಿದು ಅವರ ಮನೆಗೆ ಹೋದೆ. ಚೀಟಿಯ ಸಂಗತಿ ಹೇಳಿದೆ.

"ಅವತ್ತ ಚೀಟ್ಯಾಗ ಇನ್ನೊಂದು ಬಂದಿದ್ರ?" ಕಾಕಾ ಕೇಳಿದರು.

"ಕಳಸ್ರಿ ಅಂತಿದ್ದೆರಿ."

ಅವರು ಟಂಟಂನ ಗಾಜು ಒರೆಸತೊಡಗಿದರು – ಒರೆಸಿದ್ದನ್ನೇ ಮತ್ತೆ. ರಿಜ್ವಾನಾ ಹಾಳೆ ಇಸಿದುಕೊಂಡು ನಿಂತಲ್ಲೇ ಪೂರ್ತಿ ಓದಿದಳು.

"ಇಷ್ಟ ಚಲೋ ಬರದೀ ಅಕ್ಕಾ. ಅವತ್ತ ಇದೆಲ್ಲಾ ಗೊತ್ತಿತ್ತು ನಿನಗ?"

ಎದುರುತ್ತರ ಕೊಡುವುದು ನನಗೆ ಉಸಿರಾಡಿದಷ್ಟು ಸಲೀಸು. ಮೂರು ಉತ್ತರ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಆಡಲಿಲ್ಲ.

"ಹೌದು" ಎಂದೆ.