ಓದದ ಕರಪತ್ರ

ಆ ಕ್ಷೌರದಂಗಡಿಯ ಯಜಮಾನನ ಕೈ ಗಡ್ಡ ಬೋಳಿಸುತ್ತಿದ್ದರೆ, ಬಾಯಿ ರಾಜಕಾರಣಿಗಳ ಮಾನ ಹರಾಜು ಹಾಕುತ್ತಿತ್ತು. ಚುನಾವಣೆ ಬಂದರಂತೂ ಅವನಿಗೆ ಸುಗ್ಗಿ. ಗಿರಾಕಿಯ ಗಲ್ಲ ಹಿಡಿದು, “ಎಲ್ಲಾ ಕಳ್ಳರೇ. ನೀವ್ಯಾಕೆ ಬಿಸಿಲಲ್ಲಿ ಸಾಲು ನಿಲ್ತೀರಾ?” ಅನ್ನುತ್ತಿದ್ದ. ಕುತ್ತಿಗೆ ಮೇಲೆ ಕತ್ತಿ ಇರುವಾಗ ಯಾರು ತಾನೇ ಅಲ್ಲ ಅಂದಾರು? ಹೂಂ ಅಂದೂ ಅಂದೂ ಅವರಿಗೂ ಅದೇ ನಿಜವಾಯಿತು.

ಈ ಸಲ ವಾರ್ಡಿಗೆ ನಿಂತವರು ಇಬ್ಬರೇ. ಒಬ್ಬರು, ವಾರ್ಡಿನ ಪುಟ್ಟ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ಇನ್ನೊಬ್ಬ ಕಂಟ್ರಾಕ್ಟರು. ಯಜಮಾನನ ಹೆಂಡತಿಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣಿಗೆ ಅದೇ ಆಸ್ಪತ್ರೆಯಲ್ಲಿ ದಿನಾ ಡ್ರೆಸ್ಸಿಂಗ್. ತಪ್ಪಿದರೆ ಕಾಲಿಗೇ ಸಂಚಕಾರ ಎಂದು ಡಾಕ್ಟರು ಹೇಳಿದ್ದರು. ಕಂಟ್ರಾಕ್ಟರನ ಕರಪತ್ರದ ಕಟ್ಟು ಅಂಗಡಿಗೂ ಬಂತು. ಕಾಗದ ಮೆತ್ತಗಿತ್ತು. ಯಜಮಾನ ನಾಲ್ಕು ನಾಲ್ಕು ಚೂರು ಮಾಡಿ, ಕತ್ತಿಯ ನೊರೆ ಒರೆಸಲು ಇಟ್ಟುಕೊಂಡ. ಓದುವ ಗೋಜಿಗೆ ಹೋಗಲಿಲ್ಲ.

ಮತದಾನದ ದಿನ ಹೆಂಡತಿ ಕುಂಟುತ್ತ ಹೊರಟಾಗ, ನಿನ್ನ ಒಂದು ಓಟಿನಿಂದ ಏನು ಕಡಿದು ಕಟ್ಟೆ ಹಾಕ್ತೀಯ ಎಂದು ನಕ್ಕು, ತಾನು ಮಧ್ಯಾಹ್ನದವರೆಗೂ ಗೊರಕೆ ಹೊಡೆದ. ಕಂಟ್ರಾಕ್ಟರು ಹದಿಮೂರು ಓಟಿನಿಂದ ಗೆದ್ದ.

ಎರಡೇ ತಿಂಗಳಿಗೆ ಆಸ್ಪತ್ರೆಗೆ ಬೀಗ ಬಿತ್ತು. ಮೋಸ ಮೋಸ ಎಂದು ಯಜಮಾನ ಬಾಯಿ ಬಡಿದುಕೊಂಡ. ಆಮೇಲೆ ಉಳಿದಿದ್ದ ಚೂರೊಂದರಲ್ಲಿ ಓದಿದ: ಹಳೇ ಆಸ್ಪತ್ರೆಯ ಜಾಗದಲ್ಲಿ ಭವ್ಯ ಮಳಿಗೆಗಳು. ಪುಣ್ಯಾತ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಹತ್ತಬೇಕು. ಹೆಂಡತಿ ಒಂದು ದಿನ ಹೋದರೆ ಮೂರು ದಿನ ಬಿಟ್ಟಳು. ಕೊನೆಗೆ ಮಂಡಿಯ ಕೆಳಗೆ ಕಾಲು ತೆಗೆದರು.

ಅದೇ ವಾರ, ಈಗ ವಾರ್ಡಿನ ಹೊಸ ಮೆಂಬರಾದ ಕಂಟ್ರಾಕ್ಟರು ಗಡ್ಡಕ್ಕೆ ಬಂದು ಕೂತ. ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ.

“ನಿನ್ನ ಉಪಕಾರ ಮರೆಯೋ ಹಾಗಿಲ್ಲ ಕಣಯ್ಯ. ಓಟು ಹಾಕಿದವರಿಗೆ ಗುರುತು ಹಾಕಿದ ಪಟ್ಟಿ ನೋಡಿದೆ. ನಿನ್ನ ಮಾತು ಕೇಳಿ ಮನೇಲಿ ಕೂತವರು ಇಪ್ಪತ್ತರ ಮೇಲೆ. ಎಲ್ಲಾ ನರ್ಸಮ್ಮನ ಕಡೆಯವರೇ. ನನ್ನ ಹುಡುಗರೂ ಇಷ್ಟು ಕೆಲಸ ಮಾಡ್ಲಿಲ್ಲ.”

ಯಜಮಾನನ ಕೈ ಆ ಗಂಟಲ ಮೇಲೆ ಒಂದು ಗಳಿಗೆ ನಿಂತಿತು.

“ನಮ್ಮನೆಯವಳ ಕಾಲು ತೆಗೆದ್ರು, ಸ್ವಾಮಿ.”

“ಅಯ್ಯೋ ಪಾಪ,” ಅಂದ ಮೆಂಬರು, ಕಣ್ಣು ತೆರೆಯದೆ. “ಮೀಸೆ ಒಂಚೂರು ಸಣ್ಣ ಮಾಡು.”

ಯಜಮಾನ ಕತ್ತಿ ಇಟ್ಟು ಕತ್ತರಿ ತೆಗೆದುಕೊಂಡ.