ಇರುವೆಗಳ ಹಳೇ ದಾರಿ ಒರೆಸುವ ಅಕ್ಕ

ಬೆಳಗಿನ ಜಾವ ನಾಲ್ಕೂ ಹತ್ತು. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಅಕ್ಕ ಚಪ್ಪಲಿ ಬಿಟ್ಟು, ಸೊಂಟಕ್ಕೊಂದು ದಿಂಬು ಕೊಟ್ಟು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಗುಂಡಿ ಒತ್ತಿದೊಡನೆ ಪರದೆಯ ನಕ್ಷೆಯೊಳಗೆ ಎರಡು ಸಾವಿರ ಕಪ್ಪು ಚುಕ್ಕೆಗಳು ಬೀದಿ ಬೀದಿಗೆ ನುಗ್ಗುತ್ತವೆ. ವ್ಯಾನ್ ಶೆಡ್ಡಿನಿಂದ ಡ್ರೈವರ್‌ನ ಫೋನು.

“ಏನಕ್ಕಾ, ನಿನ್ನ ಇರುವೆಗಳು ಎದ್ವಾ?”

“ಎದ್ದಿವೆ. ನೀನಿನ್ನೂ ಮುಖ ತೊಳ್ದಿಲ್ಲ ಅಂತಿವೆ.”

ಆರು ವ್ಯಾನು, ನಲವತ್ತೊಂದು ಮನೆ. ಡಯಾಲಿಸಿಸ್‌ಗೆ ಬರುವವರೆಲ್ಲ ಆರು ಗಂಟೆಗೆ ಆಸ್ಪತ್ರೆಯಲ್ಲಿರಬೇಕು. ತಡವಾದವರು ಮಧ್ಯಾಹ್ನದವರೆಗೆ ಕಾಯಬೇಕು. ಯಾವ ವ್ಯಾನು ಯಾರನ್ನು ಯಾವಾಗ ಹತ್ತಿಸಿಕೊಳ್ಳಬೇಕೆಂದು ಇರುವೆಗಳು ಹುಡುಕುತ್ತವೆ. ಒಳ್ಳೆಯ ದಾರಿ ಕಂಡ ಇರುವೆ ಅಲ್ಲಿ ವಾಸನೆ ಬಿಡುತ್ತದೆ, ಹಿಂದೆ ಬರುವವು ಆ ವಾಸನೆ ಹಿಡಿದು ಹೋಗುತ್ತವೆ, ಇರುವೆ ಓಡಾಡದ ದಾರಿಯ ವಾಸನೆ ಆರಿಹೋಗುತ್ತದೆ. ಎಲ್ಲವೂ ಕಂಪ್ಯೂಟರಿನ ಲೆಕ್ಕದಲ್ಲೇ.

ಹನ್ನೊಂದು ವರ್ಷ ಇದೇ ವ್ಯಾನು ಓಡಿಸಿದ ಅಕ್ಕನಿಗೆ ಸೊಂಟ ಕೈಕೊಟ್ಟಾಗ ಈ ಕುರ್ಚಿ ಸಿಕ್ಕಿತು. “ಮೊದಮೊದಲು ಕೀಬೋರ್ಡ್ ಮೇಲೆ ನನ್ನ ಬೆರಳು ಕುಂಟೆಬಿಲ್ಲೆ ಆಡ್ತಿದ್ವು. ಮಗಳು ಬಿದ್ದು ಬಿದ್ದು ನಗೋಳು,” ಎನ್ನುತ್ತಾರೆ.

ಅವರ ತಲೆ ತಿಂದದ್ದು ಡಯಾಲಿಸಿಸ್‌ಗೆ ಬರುವ ಟೈಲರ್ ತಾತನ ವಿಷಯ. ತಾತನ ಮನೆಯಿಂದ ಆಸ್ಪತ್ರೆಗೆ ಹದಿನೈದೇ ನಿಮಿಷ. ಆದರೆ ಶೆಡ್ಡು ಅವರ ಮನೆಯ ಮಗ್ಗುಲಲ್ಲೇ ಇರುವುದರಿಂದ ನಾಲ್ಕನೇ ವ್ಯಾನು ಅವರನ್ನೇ ಮೊದಲು ಹತ್ತಿಸಿಕೊಳ್ಳುತ್ತಿತ್ತು. ಆಮೇಲೆ ಒಂದೂಕಾಲು ಗಂಟೆ ಊರು ಸುತ್ತಾಟ. ಎರಡು ಸಲ ವಾಂತಿಯಾಯಿತು. “ಇರುವೆಗೆ ವ್ಯಾನು ಓಡಿದ ದೂರ ಗೊತ್ತು, ಒಳಗೆ ಕೂತವರ ಹೊಟ್ಟೆ ತೊಳಸೋದು ಗೊತ್ತಿಲ್ಲ.”

ಅಕ್ಕ ಹಟ ಹಿಡಿದ ಮೇಲೆ, ರೋಗಿಗಳು ವ್ಯಾನಿನಲ್ಲಿ ಕೂತ ನಿಮಿಷಗಳನ್ನೂ ಪ್ರೋಗ್ರಾಂ ಬರೆದ ಎಂಜಿನಿಯರು ಲೆಕ್ಕಕ್ಕೆ ಸೇರಿಸಿದ. ಆದರೂ ದಾರಿ ಬದಲಾಗಲಿಲ್ಲ. ತಿಂಗಳುಗಟ್ಟಲೆ ಕೂಡಿದ ವಾಸನೆ ಅಷ್ಟು ಗಟ್ಟಿ. ಎಲ್ಲವನ್ನೂ ಒರೆಸಿ ಹೊಸದಾಗಿ ಶುರುಮಾಡಬೇಕು. ಮೇಲ್ವಿಚಾರಕರು ಒಂದೇ ಒಂದು ಬೆಳಗ್ಗೆ ಕೊಟ್ಟಿದ್ದಾರೆ: ಒಬ್ಬರಿಗೆ ತಡವಾದರೂ ಹಳೇ ದಾರಿಯೇ ಖಾಯಂ. ಆ ಬೆಳಗ್ಗೆ ಇವತ್ತು. ಹಳೇ ವಾಸನೆಯನ್ನು ನಿನ್ನೆಯೇ ಒರೆಸಿಯಾಗಿದೆ; ಹೊಸ ದಾರಿಯಲ್ಲಿ ತಾತನ ಸರದಿ ಕೊನೆಗೆ, ಐದೂ ಮೂವತ್ತೈದಕ್ಕೆ. ನಿನ್ನೆ ಅಕ್ಕ ಖುದ್ದಾಗಿ ಹೋಗಿ ಹೇಳಿ ಬಂದಿದ್ದಾರೆ.

ಐದೂ ಮೂವತ್ತಾರಕ್ಕೆ ನಾಲ್ಕನೇ ವ್ಯಾನಿನ ಡ್ರೈವರ್‌ನ ಫೋನು. “ಅಕ್ಕಾ, ತಾತ ಇಲ್ಲ! ನಾಲ್ಕೂವರೆಗೇ ವ್ಯಾನಿಗೆ ಅಂತ ಹೋದ್ರು ಅಂತಾಳೆ ಸೊಸೆ.”

ಅಕ್ಕ ಕೀಬೋರ್ಡಿನಿಂದ ಕೈ ತೆಗೆಯುತ್ತಾರೆ. ಪರದೆಯನ್ನಲ್ಲ, ಗೋಡೆಯನ್ನು ನೋಡುತ್ತಾರೆ.

“ಹಳೇ ದಾರೀಲಿ ಹೋಗು. ಎರಡನೇ ಸ್ಟಾಪು, ಇಸ್ತ್ರಿ ಅಂಗಡಿ ಮೂಲೆ. ಅಲ್ಲೇ ಇರ್ತಾರೆ.”

ಇದ್ದಾರೆ. ಚೀಲ ಅವುಚಿಕೊಂಡು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ. ಅಲ್ಲಿ ಹತ್ತುವವರನ್ನು ಬೇರೆ ವ್ಯಾನು ತಾತ ಬರುವ ಮೊದಲೇ ಒಯ್ದಿದೆ.

ಐದೂ ಐವತ್ತೆಂಟು. ನಾಲ್ಕನೇ ವ್ಯಾನು ಗೇಟು ದಾಟುತ್ತದೆ. ತಾತ ಇಳಿಯುತ್ತಲೇ ರೇಗುತ್ತಾರೆ: “ವ್ಯಾನು ನನ್ನ ಮನೆ ಮುಂದೇನೇ ಹೋಯ್ತು, ನಿಲ್ಲಿಸ್ಲಿಲ್ಲ! ಹೇಗಿದ್ರೂ ಮೂಲೆಗೆ ಬಂದೇ ಬರುತ್ತಲ್ಲ ಅಂತ ನಡೆದೆ.”

“ನಿನ್ನೆ ‘ಆಯ್ತಮ್ಮ’ ಅಂದ್ರಲ್ಲ ತಾತ?”

“ಅಂದೆ. ಕಾಲು ಕೇಳ್ಬೇಕಲ್ಲ!” ಆಮೇಲೆ ದನಿ ಇಳಿಯುತ್ತದೆ. “ಇವತ್ತು ಹೊಟ್ಟೆ ತೊಳಸಲಿಲ್ಲ ಕಣಮ್ಮಾ.”

ಮೇಲ್ವಿಚಾರಕರು ಗಡಿಯಾರ ನೋಡಿ, ಹೊಸ ದಾರಿಯ ಹಾಳೆಗೆ ಸಹಿ ಹಾಕುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಅಕ್ಕ ದಿಂಬು ಸರಿಮಾಡಿಕೊಳ್ಳುತ್ತಾರೆ. “ಇರುವೆಗಳ ಹಳೇ ದಾರಿ ಒಂದೇ ಗುಂಡೀಲಿ ಒರೆಸಿದೆ. ತಾತನದ್ದು ನಿಧಾನ. ಯಾವತ್ತಾದ್ರೂ ವ್ಯಾನು ಹೋಗಿ ಬಾಗಿಲು ತಟ್ಟಿದಾಗ, ‘ಇನ್ನೂ ಎದ್ದೇ ಇಲ್ಲ’ ಅಂತ ಸೊಸೆ ಹೇಳ್ಬೇಕು. ಅಷ್ಟೇ.”