ಒಳಗಿನ ಚಿಲಕ

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ವರ್ಷ ನನ್ನ ಹುಟ್ಟೂರು ಪೂರಿಗಾಲಿಯಲ್ಲಿ ಸ್ಲೇಟು ಕೆಳಗಿಟ್ಟು ಗಾರೆಯ ಕರಣೆ ಹಿಡಿದವನು ಮತ್ತೆ ಸ್ಲೇಟಿನ ಕಡೆ ತಿರುಗಿ ನೋಡಲಿಲ್ಲ. ಅದಕ್ಕೆ ನಾಚಿಕೆಯೇನೂ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ಊರಿನಲ್ಲಿ ನಾನು ಎತ್ತಿದ ಯಾವ ಗೋಡೆಗಾದರೂ ತೂಗುಗುಂಡು ಹಿಡಿದು ನೋಡಿ, ಕೂದಲೆಳೆಯಷ್ಟು ಆಚೀಚೆ ಇದ್ದರೆ ಹೇಳಿ. ಆದರೆ ನಿನ್ನ ಕೆಲಸದಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ನಾನು ತೋರಿಸುವುದು ಮನೆಯನ್ನಲ್ಲ, ಮಂಟಪವನ್ನೂ ಅಲ್ಲ. ಮಳವಳ್ಳಿಯ ಅಂಚಿನಲ್ಲಿದ್ದ ಒಂದು ಹೆಣ್ಣುಮಕ್ಕಳ ಶಾಲೆಯ ಹಿಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಎರಡು ಕಕ್ಕಸುಗಳನ್ನು.

ಆಗ ನಾವು ಮಳವಳ್ಳಿಯಲ್ಲೇ ಇದ್ದೆವು, ನನ್ನ ಮಗಳು ಆ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಬೆರಳೆತ್ತಿ 'ಒಂದಕ್ಕೆ' ಅಂತ ಕೇಳಿ ಹೊರಗೆ ಬಂದ ಹುಡುಗಿಯರಿಗೆ ಇದ್ದದ್ದು ಶಾಲೆಯ ಹಿಂದಿನ ಕಳ್ಳಿ ಬೇಲಿಯ ಮರೆ ಒಂದೇ. ಬೇಲಿಯಾಚೆ ಗಾಡಿ ದಾರಿ. ಒಂದು ದಿನ ಗಾಡಿಯವನೊಬ್ಬ ಎತ್ತು ಮೇಯಿಸಲು ಈ ಕಡೆ ತಿರುಗಿದ. ಕೂತಿದ್ದ ಹುಡುಗಿಯರು ದಡಬಡ ಎದ್ದು ಓಡಿದರು. ನನ್ನ ಮಗಳು ಕಳ್ಳಿಯ ಮೇಲೆ ಬಿದ್ದು ಮೊಣಕೈ ತುಂಬ ಮುಳ್ಳು ತುಂಬಿಕೊಂಡು ಮನೆಗೆ ಬಂದಳು.

ಮುಳ್ಳು ಕೀಳುತ್ತಾ ಕೂತ ಅವ್ವ, ಅಂದರೆ ನನ್ನ ತಾಯಿ, ಮಗುವಿನ ಬಾಯಿಂದ ಇನ್ನೊಂದು ವಿಷಯವನ್ನೂ ಕಿತ್ತಳು. ಶಾಲೆಯ ದಿನ ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಮನೆಗೆ ಬರುವ ತನಕ ಅವಳು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ, ಅದಕ್ಕೆ. ಹದಿನೈದು ದಿನದಿಂದ ಒಂದಕ್ಕೆ ಹೋದರೆ ಉರಿ ಬೇರೆ. ಯಾರಿಗೂ ಹೇಳಿರಲಿಲ್ಲ.

"ಸಾಕು ಬುಡ್ಲಾ ಇವ್ಳ ಓದು," ಅಂದಳು ಅವ್ವ. "ನೀರ್ ಕುಡೀದೆ ಓದಿ ಏನ್ ಅಮಲ್ದಾರಿಕೆ ಮಾಡ್ಬೇಕಾಗದೆ?"

"ವಸಿ ತಡಿಯವ್ವ."

"ಏನ್ ತಡಿಯೋದು? ನೀನೂ ಮೂರಕ್ಕೇ ಬುಟ್ಟೆ. ಬದುಕ್ಲಿಲ್ವಾ?"

ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. "ನಾನ್ ಬುಟ್ಟಿದ್ದು ಸಾಕು ಅಂತ್ಲೇ ಇವ್ಳು ಬುಡಬಾರ್ದು," ಅಂದೆ.

ಅವ್ವ ಒಂದು ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ ಎಸೆದಳು. "ಅಮಾಸೆವರ್ಗೂ ನೋಡ್ತೀನಿ. ಆಮ್ಯಾಕೆ ಕೂಸು ಮನೇಲೇ."

ಅಮಾವಾಸ್ಯೆಗೆ ಇಪ್ಪತ್ತು ದಿನವಿತ್ತು. ಮಾರನೆಯ ಬೆಳಿಗ್ಗೆ ಹೋಗಿ ಹೆಡ್‌ಮೇಷ್ಟರ ಮುಂದೆ ನಿಂತೆ. ಅವರು ಒಳ್ಳೆಯವರೇ, ಆದರೆ ಎಲ್ಲದಕ್ಕೂ ಮೇಲಿನಿಂದ ಕಾಗದ ಬರಬೇಕು ಅನ್ನುವವರು. "ಸಿಮೆಂಟು ಎಲ್ಲಿದೆ ಮೇಸ್ತ್ರಿ? ಯುದ್ಧ ಮುಗೀಲಿ," ಅಂದರು. "ನಮ್ಮಜ್ಜನ ಕಾಲದಾಗೆ ಸಿಮೆಂಟಿತ್ತಾ ಸ್ವಾಮಿ? ಸುಣ್ಣ, ಮರಳು ಕೊಡ್ಸಿ. ಕೂಲಿ ನಂದು," ಅಂದೆ. ಅವರು ಬೀರುವಿನಿಂದ ಆರೋಗ್ಯ ಇಲಾಖೆಯವರು ಎಂದೋ ಕೊಟ್ಟು ಹೋಗಿದ್ದ, ಗುಂಡಿ ಕಕ್ಕಸಿನ ಚಿತ್ರವಿದ್ದ ಒಂದು ಹಾಳೆಯನ್ನು ತೆಗೆದು ಕೈಗಿಟ್ಟರು. ಆಳವಾದ ಗುಂಡಿ, ಮೇಲೆ ಕಲ್ಲು ಚಪ್ಪಡಿ. ನನಗೆ ಅದೇ ಸರಿ ಅನ್ನಿಸಿತು. ಇನ್ನೊಬ್ಬ ಮನುಷ್ಯ ತಲೆಯ ಮೇಲೆ ಹೊರಬೇಕಾದ ಬುಟ್ಟಿ ಕಕ್ಕಸನ್ನು ಎಷ್ಟೇ ಕೂಲಿ ಕೊಟ್ಟರೂ ನಾನು ಕಟ್ಟುತ್ತಿರಲಿಲ್ಲ.

ಹಾಳೆಯಲ್ಲಿದ್ದ ಅಕ್ಷರಗಳು ಚಿಕ್ಕವು, ನನಗೆ ದಕ್ಕುವಂಥವಲ್ಲ. ಗುಂಡಿ ತೋಡಲು ಕಾಗದ ಬೇರೆ ಬೇಕೇ ಅಂದುಕೊಂಡು, ನೀರು ಹೊರುವುದು ಸುಲಭವಾಗಲಿ ಅಂತ ಶಾಲೆಯ ಬಾವಿಯ ಪಕ್ಕದಲ್ಲೇ ಗೂಟ ಹೊಡೆದು ಬಂದಿದ್ದೆ. ಸಂಜೆ ಮಗಳು ಆ ಹಾಳೆಯನ್ನು ಬೆರಳಿಟ್ಟು ಓದಿದಳು.

"ಅಪ್ಪ, ಬಾವಿಯಿಂದ ದೂರ ಇರ್ಬೇಕಂತೆ. ಗಲೀಜು ಒಳಗಿಂದ್ಲೇ ಬಾವಿಗೆ ಇಳೀತದಂತೆ."

"ಎಲ್ಲಿ, ಇನ್ನೊಂದ್ಸಲ ಓದು."

ಇನ್ನೊಂದು ಸಲವೂ ಹಾಗೇ ಓದಿದಳು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಗೂಟ ಕಿತ್ತು ಹಿತ್ತಲ ಕೊನೆಯಲ್ಲಿ ಹೊಡೆದೆ. ಯಾರೂ ನೋಡಲಿಲ್ಲ. ಈಗ ನಾನೇ ಹೇಳುತ್ತಿದ್ದೇನೆ.

ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಅರೆದ ಗಾರೆ ಅದು. ನೆಲವನ್ನು ಹೊಳೆಯ ಗುಂಡುಕಲ್ಲಿನಿಂದ ಮುಖ ಕಾಣುವ ಹಾಗೆ ಉಜ್ಜಿದೆ. ಬಾಗಿಲು ಮಾಡಿಕೊಟ್ಟವನು ಪೇಟೆಯಲ್ಲಿ ತಗಡಿನ ಕೆಲಸದ ಅಂಗಡಿ ಇಟ್ಟಿದ್ದ ಸಾಬರವನು, ನನ್ನ ವಾರಿಗೆಯ ಗೆಳೆಯ. ಸೀಮೆಎಣ್ಣೆ ಡಬ್ಬಗಳನ್ನು ಬಿಡಿಸಿ, ಬಡಿದು, ಮರದ ಚೌಕಟ್ಟಿಗೆ ಹೊಡೆದ. ಹೊರಗೊಂದು ಕೊಂಡಿ ಸಾಕು ಅಂತ ನಾನು, ಒಳಗೂ ಚಿಲಕ ಬೇಕು ಅಂತ ಅವನು.

"ಅಷ್ಟ್ ಕಬ್ಣ ಯಾಕ್ಲಾ ದಂಡ?"

"ಒಳಗಿಂದ ಚಿಲ್ಕ ಇಲ್ದಿದ್ರೆ ನಿನ್ ಕಕ್ಕಸ್ಗಿಂತ ಕಳ್ಳಿ ಬೇಲಿನೇ ವಾಸಿ ಕಣ್ಲಾ. ನಮ್ ಮನೆ ಹೆಂಗಸ್ರನ್ನ ಕೇಳು, ಹೇಳ್ತಾರೆ. ನೀನ್ ಗೋಡೆ ನೋಡ್ಕೊ ಹೋಗು."

ಚಿಲಕ ಬಂತು. ಎಳೆದರೆ ಟಕ್ ಅನ್ನುವ ಗಟ್ಟಿ ಚಿಲಕ.

ಇನ್ನು ನನ್ನ ತಪ್ಪು. ನಾನು ಪೂಜೆಯಿಲ್ಲದೆ ಯಾವ ಕೆಲಸವನ್ನೂ ಶುರು ಮಾಡಿದವನಲ್ಲ, ಮುಗಿಸಿದವನೂ ಅಲ್ಲ. ಇದು ಮಗಳಿಗಾಗಿ ಮಾಡಿದ ಕೆಲಸ ಬೇರೆ. ಹೊಸ್ತಿಲುಗಳಿಗೆ ಅರಿಶಿನ ಬಳಿದು ಕುಂಕುಮವಿಟ್ಟೆ, ಮಾವಿನ ಸೊಪ್ಪು ಕಟ್ಟಿದೆ, ಕಾಯಿ ಒಡೆದೆ, ಕರ್ಪೂರ ಹಚ್ಚಿದೆ. ಹೆಡ್‌ಮೇಷ್ಟರೂ ಕೈಮುಗಿದರು. ಹುಡುಗಿಯರಿಗೆಲ್ಲ ಕಾಯಿ ಚೂರು, ಬೆಲ್ಲ ಹಂಚಿ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿತ್ತು.

ಮಾರನೆಯ ಸಂಜೆ ಮಗಳನ್ನು ಕೇಳಿದೆ, "ಓಗಿದ್ದೇನವ್ವ?"

ತಲೆ ಬಗ್ಗಿಸಿದಳು. "ಇಲ್ಲಪ್ಪ."

"ಯಾಕೆ?"

"ಪೂಜೆ ಮಾಡಿದ್ದೀಯಲ್ಲ. ಅಲ್ಲೆಂಗಪ್ಪ ಕೂರೋದು? ದ್ಯಾವ್ರು ಕಣ್ ಕಿತ್ತಾಕ್ಬುಟ್ರೆ?"

ಹೋಗಿ ನೋಡಿದೆ. ಹುಡುಗಿಯರು ಒಬ್ಬೊಬ್ಬಳಾಗಿ ಬರುತ್ತಿದ್ದರು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹಾಗೇ ಕಳ್ಳಿ ಬೇಲಿಯ ಕಡೆ ನಡೆಯುತ್ತಿದ್ದರು. ಯಾರೋ ಎರಡು ದಾಸವಾಳ ಬೇರೆ ಇಟ್ಟಿದ್ದರು. ಪೂಜೆಯ ಕಾಯಿ ತಿಂದ ಬಾಯಲ್ಲಿ ನಾನೇ ಇವರಿಗೆ ಒಳಗೆ ಹೋಗಿ ಅಂತ ಹೇಗೆ ಹೇಳಲಿ ಅಂದರು ಮೇಷ್ಟರು. ಅರಿಶಿನ ಒರೆಸಿಬಿಡೋಣ ಅಂತ ಒದ್ದೆ ಬಟ್ಟೆ ಹಿಡಿದು ಕೂತೆ. ಹಚ್ಚಿದ ಕೈಯಿಂದಲೇ ಒರೆಸಲು ಮನಸ್ಸು ಬರಲಿಲ್ಲ. ಆಮೇಲೆ ಮಳೆ ಬಂದು ತೊಳೆದರೂ ಪೂಜೆಯಾದದ್ದು ಆಗಿಯೇ ಹೋಯಿತಲ್ಲ.

ಗೆಳೆಯನಿಗೆ ಹೇಳಿದರೆ ಅಂಗಡಿಯ ಹಲಗೆಯ ಮೇಲೆ ಬಿದ್ದು ಬಿದ್ದು ನಕ್ಕ. "ಕಕ್ಕಸ್ಗೆ ಮಂಗಳಾರತಿ ಎತ್ತಿದ ಮೇಸ್ತ್ರಿ ಮೈಸೂರ್ ಸೀಮೆಗೆಲ್ಲ ನೀನೊಬ್ನೇ ಕಣ್ಲಾ!" ನಗು ನಿಂತ ಮೇಲೆ ಮೆಲ್ಲಗೆ, "ನಾನೇ ಬಂದು ಒರ್ಸ್ತಿದ್ದೆ. ಆದ್ರೆ ನಾನ್ ಒರ್ಸಿದ್ರೆ ಊರು ಸುಮ್ಕಿರ್ತದಾ ಹೇಳು," ಅಂದ. ಇಬ್ಬರೂ ಒಂದೊಂದು ಬೀಡಿ ಹಚ್ಚಿದೆವು.

ಅಮಾವಾಸ್ಯೆ ಕಳೆಯಿತು. ಹೊಸ ಕಕ್ಕಸಿನೊಳಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಮಾರನೆಯ ದಿನ ನಾನು ಅಲ್ಲಿ ನೀರಿನ ತೊಟ್ಟಿಗೆ ಕೊನೆಯ ಕೈ ಕೊಡುತ್ತಿದ್ದಾಗ ಅವ್ವ ಬಂದಳು. ಆಡಿದಂತೆ ಮೊಮ್ಮಗಳ ಸ್ಲೇಟು, ಚೀಲ ಇಸಿದುಕೊಂಡು ಕರೆದೊಯ್ಯಲು ಬಂದಿದ್ದಳು. ಆಟದ ಬಿಡುವು. ನನ್ನ ಮಗಳು ಅಜ್ಜಿಯನ್ನು ಕಂಡು ಗೋಡೆಗೆ ಆತುಕೊಂಡು ನಿಂತಳು. ಆ ಹೊತ್ತಿಗೇ ಮೂರು ಹುಡುಗಿಯರು ಬಂದು, ಹೊಸ್ತಿಲಿಗೆ ಕೈಮುಗಿದು, ಬೇಲಿಯ ಕಡೆ ಹೊರಟರು.

"ಲೇ, ನಿಂತ್ಕಳ್ರೇ. ಇದೇನ್ ಗುಡಿಯಾ?" ಅಂತ ಅವ್ವ ತಡೆದಳು.

"ಪೂಜೆ ಮಾಡವ್ರೆ ಅಜ್ಜಿ."

ಅವ್ವ ಬಾಗಿಲು ತಳ್ಳಿದಳು. ಒಳಗೆ ಬಗ್ಗಿ ಹೊಳೆಯುವ ನೆಲ ನೋಡಿದಳು, ಗೋಡೆಯ ಮೇಲೆ ಕೈಯಾಡಿಸಿದಳು. ಬಾಗಿಲ ಹಿಂದಿನ ಚಿಲಕವನ್ನು ಎಳೆದು ತಳ್ಳಿ, ಎಳೆದು ತಳ್ಳಿ ಮಾಡಿದಳು.

"ಯಾವ್ ಗುಡೀಲಿ ಒಳಗಿಂದ ಚಿಲ್ಕ ಆಕ್ಕತಾರೆ, ಏಳ್ರವ್ವ ನೋಡಾನ?"

ಹುಡುಗಿಯರು ಬಗ್ಗಿ ಚಿಲಕ ನೋಡಿದರು.

"ಮನೆ ಹೊಸ್ಲಿಗೆ ದಿನಾ ಅರಿಸ್ನ ಹಚ್ಚಾಕಿಲ್ವಾ? ಹಂಗಂತ ಒಳೀಕೆ ಓಗದೆ ಬೀದೀಲಿ ಮಲಗ್ತೀರಾ? ಅರಿಸ್ನ ಹಚ್ಚಿರೋದು ಓಗ್ಬ್ಯಾಡಿ ಅಂತಲ್ಲ ಕಣ್ರೇ, ಗಲೀಜ್ ಮಾಡ್ಬ್ಯಾಡಿ ಅಂತ." ನನ್ನ ಕಡೆ ತಿರುಗಿ, "ನೋಡ್ತಾ ನಿಂತವ್ನೆ ನೋಡು, ಗೂಬೆ ನೋಡ್ದಂಗೆ. ನೀರ್ ಕೊಡ್ಲಾ!"

ಗಾರೆ ಕಲಸಲು ತಂದಿಟ್ಟಿದ್ದ ಕೊಡದಿಂದ ತಂಬಿಗೆ ತುಂಬಿ ಕೊಟ್ಟೆ. ಅವ್ವ ಸೆರಗು ಸಿಕ್ಕಿಸಿಕೊಂಡು, ಮಾವಿನ ಸೊಪ್ಪಿನ ಕೆಳಗೆ ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಹೋದಳು. ಟಕ್ ಅಂತು ಚಿಲಕ. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಾನು ಕರಣೆ ಹಿಡಿದು ಆ ಕಡೆ ತಿರುಗಿ ನಿಂತೆ.

ಹೊರಗೆ ಬಂದವಳು ಮೊದಲು ಕೇಳಿದ್ದು ಬೂದಿ. ಕೈ ಉಜ್ಜಿ ತೊಳೆದುಕೊಂಡು ಹುಡುಗಿಯರಿಗೂ ತೋರಿಸಿದಳು. ಕೂರುವ ಮೊದಲು ಅರ್ಧ ತಂಬಿಗೆ, ಎದ್ದ ಮೇಲೆ ತುಂಬು ತಂಬಿಗೆ, ಕೈಗೆ ಬೂದಿ. ಶುಕ್ರವಾರ ಎಲ್ಲರೂ ಸೇರಿ ನೆಲ ಉಜ್ಜಿ ಹೊಸ್ತಿಲಿಗೆ ಅರಿಶಿನ ಹಚ್ಚಬೇಕು. ಉಜ್ಜದೆ ಹಚ್ಚಿದರೆ ಮಾತ್ರ ದೇವರು ಕಣ್ಣು ಕೀಳುತ್ತಾನೆ ಅಂತ ಹೆದರಿಸಿಯೂ ಇಟ್ಟಳು. ಆ ಶಾಲೆಯಲ್ಲಿ ಎಷ್ಟೋ ಕಾಲ ಅದೇ ಪದ್ಧತಿ ನಡೆಯಿತು. ಮುಂದೆ ಚಿಕ್ಕರಸಿನಕೆರೆಯ ಕಡೆ ಇಂಥದೇ ಕೆಲಸಕ್ಕೆ ಕರೆದಾಗ ನಾನು ಪೂಜೆ ಬಿಡಲಿಲ್ಲ, ಆದರೆ ಪೂಜೆಯ ದಿನವೇ ಒಬ್ಬ ಮುದುಕಿಯನ್ನು ಮೊದಲು ಒಳಗೆ ಕಳಿಸಿದೆ.

ಆ ದಿನ ಅವ್ವ ಸ್ಲೇಟು, ಚೀಲ ಮುಟ್ಟಲಿಲ್ಲ. ಮನೆಯ ದಾರಿಯಲ್ಲಿ, "ಇಷ್ಟ್ ವಯಸ್ಗೆ ಬಾಗ್ಲಾಕ್ಕಂಡು ಕೂತಿದ್ದು ಇವತ್ತೇ ಕಣ್ಲಾ," ಅಂದಳು. ಊರಿಗೆಲ್ಲ ಗೋಡೆ ಕಟ್ಟಿದವನು ನಾನು. ಹೆತ್ತವಳಿಗೆ ಕಟ್ಟಿರಲಿಲ್ಲ. ಆ ತಿಂಗಳೇ ನಮ್ಮ ಹಿತ್ತಲಲ್ಲೂ ಗುಂಡಿ ತೋಡಿದೆ. ನಾನು ಕೇಳುವ ಮೊದಲೇ ಸಾಬರ ಗೆಳೆಯ ಒಳಗಿನ ಚಿಲಕ ಮಾಡಿಟ್ಟಿದ್ದ.

ಅವ್ವ ಶಾಲೆಗೆ ಬಂದುಹೋದ ಮಾರನೆಯ ಬೆಳಿಗ್ಗೆ ಮಗಳು ಜಡೆ ಹಾಕಿಸಿಕೊಂಡು ಚೀಲ ಹೆಗಲಿಗೆ ಹಾಕಿದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಗುಡಾಣದಿಂದ ತಂಬಿಗೆ ತುಂಬ ನೀರು ಮೊಗೆದು, ನಿಂತಲ್ಲೇ ಗಟಗಟ ಕುಡಿಯತೊಡಗಿದಳು. ಕೊರಳಿನ ಮೇಲೆ ನೀರು ಇಳಿದು ಲಂಗ ನೆನೆಯಿತು.

"ನಿಧಾನ ಕಣವ್ವ," ಅಂದಳು ಅವ್ವ. "ನೆತ್ತಿಗತ್ತೀತು."